ಟಬ್ಬಿನ ಪಕ್ಕದ ಹಲಗೆ

ನನ್ನ ಹೆಂಡತಿ ದಾನೇಶ್ವರಿಗೆ ಸೊಂಟನೋವು. ಬಿಸಿನೀರಿನಲ್ಲಿ ಕೂತರೆ ಹಗುರಾಗುತ್ತದೆಂದು ಕೊಣ್ಣೂರಿನ ನಮ್ಮ ಮನೆಯ ಬಚ್ಚಲಿನಲ್ಲಿ ಟಬ್ ಕೂರಿಸಿದೆವು. ಮೂರು ಬದಿಗೂ ಗೋಡೆ. ತೆರೆದ ಬದಿ ಮುಚ್ಚಲು ಹೊಸ ಪ್ಲಾಸ್ಟಿಕ್ ಹಲಗೆ ತಂದು, ಎರಡೂ ಕಡೆ ನಾನೇ ಒರೆಸಿದೆ.

ನೆಲ ಇಳಿಜಾರಾಗಿತ್ತು. ಹಲಗೆಯನ್ನು ಟಬ್ಬಿಗೆ ಒತ್ತಿ ಹಿಡಿದು, ಎಷ್ಟು ಕತ್ತರಿಸಬೇಕೆಂದು ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ. ಮಧ್ಯಾಹ್ನದ ಸೆಕೆಯಲ್ಲೂ ಹಲಗೆ ಅಂಗೈಗೆ ತಣ್ಣಗೆ ಹತ್ತಿತು. ನಾನು ಕೈ ನಿಲ್ಲಿಸಿದ ಮೇಲೂ ಪೆನ್ಸಿಲ್ ಉಜ್ಜುವ ಸದ್ದು ಸ್ವಲ್ಪ ಹೊತ್ತು ಕೇಳಿಸಿತು.

ಗೆರೆಯಂತೆ ಕೊಯ್ದು ಕೂರಿಸಿದರೆ ಹಲಗೆ ಒಂದು ಕಡೆ ನೆಲಕ್ಕೆ ತಾಗಿ ಟಬ್ಬಿನ ಅಂಚಿನಡಿ ಹೋಗಲಿಲ್ಲ. ತೆಗೆದು ತಿರುಗಿಸಿದೆ. ದಾನೇಶ್ವರಿ ಪಕ್ಕದಲ್ಲೇ ನಿಂತಿದ್ದಳು.

"ಒಳಗಿನ ಬಾಜೂನೂ ಯಾಕ ಗೆರಿ ಎಳದ್ರಿ?"

"ನಾ ಎಳದಿಲ್ಲ."

ನಾನು ಕೊಯ್ದ ಅಂಚಿಗಿಂತ ತುಸು ಮೇಲೆ, ಕೈ ನಡುಗದೆ ಎಳೆದ ಪೆನ್ಸಿಲ್ ಗೆರೆಯಿತ್ತು. ಟಬ್ಬಿನ ಕೆಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದೆ. ಒಣ ಸಿಮೆಂಟು, ಅಷ್ಟೆ.

ಬೇರೆ ದಾರಿ ತೋಚದೆ ಆ ಗೆರೆಯ ಮೇಲೆಯೇ ಗರಗಸ ಆಡಿಸಿದೆ. ಹಲಗೆ ಇರುವೆ ನುಸುಳದಷ್ಟು ಸರಿಯಾಗಿ ಕೂತಿತು.

ಈಗಲೂ ಹಾಗೇ ಇದೆ. ಸೊಂಟ ಎಷ್ಟೇ ನೋಯಲಿ, ದಾನೇಶ್ವರಿ ಮಾತ್ರ ಟಬ್ಬಿನ ಹೊರಗೆ ನಿಂತು ತಂಬಿಗೆಯಿಂದಲೇ ನೀರು ಹಾಕಿಕೊಳ್ಳುತ್ತಾಳೆ.