ಮೂಗು ಕಟ್ಟಿದ ಪಿಕಪ್

ಗ್ಯಾರೇಜಿನ ಮೇಸ್ತ್ರಿ ಹಳೆಯ ಪಿಕಪ್ಪಿನ ಮುಂದೆ ಅಂಗಾತ ಬಿದ್ದಿದ್ದ. ತಲೆಯ ಹಿಂಭಾಗ ಬಂಪರಿಗೆ ಒರಗಿತ್ತು. ಅಲ್ಲಿಂದ ಇಳಿದ ರಕ್ತ ನೆಲದ ಆಯಿಲ್ ಕಲೆಗಳ ಜೊತೆ ಸೇರಿ ಹೆಪ್ಪುಗಟ್ಟಿತ್ತು. ಯಾವುದು ಗಾಡಿಯದು, ಯಾವುದು ಮನುಷ್ಯನದು ಎಂದು ಹೇಳುವುದು ಕಷ್ಟವಾಗಿತ್ತು.

ಇನ್ಸ್‌ಪೆಕ್ಟರಮ್ಮ ಕರವಸ್ತ್ರ ಹಿಡಿದು ಒಳಗೆ ಬಂದಳು. ಆಕೆಗೆ ಮೂಗಿನ ತುದಿಯಲ್ಲೇ ಕೋಪ ಎಂದು ಠಾಣೆಯವರೆಲ್ಲ ಹೇಳುತ್ತಿದ್ದರು. ಸುಳ್ಳಲ್ಲ.

"ಮೊದಲು ನೋಡಿದವರು ಯಾರು?"

"ನಾನೇ ಮೇಡಂ." ಮುಂದೆ ಬಂದವನು ಸತ್ತವನ ಭಾವಮೈದುನ, ಪಕ್ಕದ ಸ್ಪೇರ್ ಪಾರ್ಟ್ಸ್ ಅಂಗಡಿಯ ಯಜಮಾನ. ಇಸ್ತ್ರಿ ಮಾಡಿದ ಅಂಗಿ. ಕಣ್ಣಲ್ಲಿ ಧಾರಾಕಾರ ನೀರು. "ಬೆಳಿಗ್ಗೆ ಭಾವನ್ನ ಕಾಫಿಗೆ ಕರೆಯೋಣ ಅಂತ ಬಂದೆ. ಶಟರ್ ಎತ್ತಿದ್ರೆ ಒಳಗೆಲ್ಲ ಹೊಗೆ. ಎಂಜಿನ್ ಓಡ್ತಾನೇ ಇತ್ತು. ನಾನೇ ಕೀ ತಿರುಗಿಸಿ ಆಫ್ ಮಾಡ್ದೆ. ಹೊಗೆ ಕುಡಿದು ತಲೆ ತಿರುಗಿ ಬಿದ್ದಿದಾರೆ. ತಲೆಗೆ ಬಂಪರ್ ಹೊಡೆದಿದೆ."

ಮೂಲೆಯಲ್ಲಿ ಟೈರಿನ ಮೇಲೆ ಒಬ್ಬಳು ಮುದುಡಿ ಕೂತಿದ್ದಳು. ಮೇಸ್ತ್ರಿಯ ಒಬ್ಬಳೇ ಮಗಳು. ತಾಯಿಯಿಲ್ಲದವಳು. ಅಪ್ಪನ ಜೊತೆ ಇದೇ ಗ್ಯಾರೇಜಿನಲ್ಲಿ ಕೆಲಸ ಮಾಡುವವಳು. ಸೋದರಮಾವ ಹೋಗಿ ಅವಳ ತಲೆ ಸವರಿದ.

"ಅಳಬೇಡ ಕಂದ. ಶಟರ್ ಎಳೆದದ್ದು ನೀನೇ ಇರಬಹುದು. ಬೇಕಂತ ಎಳೆದ್ಯಾ? ನಿನ್ನ ಮೇಲೆ ನನಗೇನೂ ಕೋಪ ಇಲ್ಲ."

ಹುಡುಗಿ ಇನ್ನಷ್ಟು ಕುಗ್ಗಿದಳು. "ನಿನ್ನೆ ಸಂಜೆ ಧೂಳು ಏಳ್ತಿತ್ತು ಮೇಡಂ. ಕೆಲಸ ಇದ್ದ ರಾತ್ರಿ ಅಪ್ಪ ಇಲ್ಲೇ ಮಲಗ್ತಿದ್ರು, ನಾನು ಮನೆಗೆ ಹೋಗುವಾಗ ಶಟರ್ ಎಳೆದುಹೋದೆ. ಅಪ್ಪನ್ನ ನಾನೇ ಕೊಂದೆ."

ಹೊರಗೆ ಹೋಗಬೇಕಾದಾಗ ಅವಳು ಶಟರಿನ ಹತ್ತಿರವೂ ಸುಳಿಯಲಿಲ್ಲ. ಹಿಂದಿನ ಸಣ್ಣ ಬಾಗಿಲಿನಿಂದ ನುಸುಳಿದಳು. ಇನ್ಸ್‌ಪೆಕ್ಟರಮ್ಮನಿಗೆ ಮೈಯೆಲ್ಲ ಉರಿಯಿತು. ಗಾಯದ ಮೇಲೆ ಬರೆ ಎಳೆದು ಅದಕ್ಕೆ ಸಮಾಧಾನ ಎನ್ನುವ ಜನರನ್ನು ಕಂಡರೆ ಆಕೆಗೆ ಮೊದಲಿಂದಲೂ ಆಗದು.

*

ಪಿಕಪ್ಪು ಐಸ್ ಫ್ಯಾಕ್ಟರಿಯವನದು. "ನಿನ್ನ ಗ್ಯಾರೇಜಿಗೆ ಬೆಂಕಿ ಇಡ್ತೀನಿ" ಎಂದು ಅವನು ಹಿಂದಿನ ಮಧ್ಯಾಹ್ನ ಕೂಗಿದ್ದನ್ನು ಇಡೀ ಬೀದಿ ಕೇಳಿತ್ತು.

"ಕೂಗಿದ್ದು ಹೌದು," ಎಂದ ಅವನು. "ನನ್ನ ಗಾಡಿ ದಿಣ್ಣೆ ಹತ್ತೋದ್ರೊಳಗೆ ಅರ್ಧ ಐಸು ನೀರಾಗತ್ತೆ. ಎಂಜಿನ್‌ಗೆ ಶಕ್ತಿ ಬರಲಿ ಅಂತ ಗಾಳಿ ಒತ್ತಿ ತುಂಬೋ ಟರ್ಬೊ ತಂದುಕೊಟ್ರೆ ಆ ಮನುಷ್ಯ ಹಾಕಲ್ಲ ಅಂದ. ಮುದುಕನ ಎದೇಲಿ ಪೈಲ್ವಾನನ ಉಸಿರು ತುಂಬಿದ್ರೆ ಪಕ್ಕೆಲುಬು ಮುರಿಯತ್ತೆ ಅಂತೆ. ಮೊದಲು ಗಾಡಿಯ ಮೂಗು ಬಿಡಿಸೋಣ, ಒಳ್ಳೇ ಏರ್ ಫಿಲ್ಟರ್ ಹಾಕೋಣ, ಆಮೇಲೆ ಸೈಲೆನ್ಸರ್ ಪೈಪು ಅಗಲ ಮಾಡೋಣ, ಅಷ್ಟಕ್ಕೇ ದಿಣ್ಣೆ ಹತ್ತತ್ತೆ ನೋಡು ಅಂದ."

"ಅದಕ್ಕೆ ಬೆಂಕಿ ಇಡ್ತೀನಿ ಅಂದ್ರಾ?"

"ಆಮೇಲೆ ತಣ್ಣಗಾದೆ ಬಿಡಿ. ಐಸ್ ಮಾರೋನು ನಾನು." ಹಾಗೆಂದವನು ಗಂಭೀರನಾದ. "ಸಂಜೆ ಅವನೇ ಫೋನ್ ಮಾಡ್ದ. ಟರ್ಬೊ ಡಬ್ಬ ಬಿಚ್ಚಿದೀನಿ, ನಾಳೆ ಬಾ, ಒಂದು ತೋರಿಸೋದಿದೆ ಅಂದ. ಏನು ಅಂದ್ರೆ, ಬಾಯಿಬಿಟ್ಟು ಹೇಳೋಕೆ ನಾಚಿಕೆ ಆಗತ್ತೆ ಅಂದ."

"ಟರ್ಬೊ ಎಲ್ಲಿ ತಗೊಂಡ್ರಿ?"

"ಅವನ ಭಾವಮೈದುನನ ಅಂಗಡೀಲೇ. ಹೊಚ್ಚ ಹೊಸಾದು ಅಂತ ಕೊಟ್ಟ."

ಆ ರಾತ್ರಿ ಅವನು ಫ್ಯಾಕ್ಟರಿ ಬಿಟ್ಟು ಕದಲಿರಲಿಲ್ಲ. ಪಾಳಿಯಲ್ಲಿದ್ದ ಕೆಲಸಗಾರರೆಲ್ಲ ಅದನ್ನೇ ಹೇಳಿದರು. ಗ್ಯಾರೇಜಿನಲ್ಲಿ ಹುಡುಕಿದರೆ ಟರ್ಬೊ ಸಿಗಲಿಲ್ಲ. ಅದರ ಡಬ್ಬವೂ ಮಂಗಮಾಯ.

*

ಹೆಣ ಆಸ್ಪತ್ರೆಗೆ ಹೋದ ಮೇಲೆ ಇನ್ಸ್‌ಪೆಕ್ಟರಮ್ಮ ಹುಡುಗಿಯನ್ನು ಪಿಕಪ್ಪಿನ ಹತ್ತಿರ ಕರೆದಳು.

"ನೀನು ಹೊರಟಾಗ ಕೆಲಸ ಎಲ್ಲಿಗೆ ಬಂದಿತ್ತು?"

"ಹಳೇ ಫಿಲ್ಟರ್ ಬಿಚ್ಚಿದ್ವಿ. ಹೊಸಾದು ಹಾಕಿರಲಿಲ್ಲ. ಗಾಳಿ ಹೋಗೋ ಪೈಪಿಗೆ ಬಟ್ಟೆ ತುರುಕಿ ಹೋದೆ."

"ಬಟ್ಟೆ ಯಾಕೆ?"

"ಪೈಪಿನ ಬಾಯಿ ತೆರೆದಿದ್ರೆ ನಟ್ಟೋ ಸ್ಕ್ರೂನೋ ಒಳಗೆ ಬೀಳತ್ತೆ. ಬಿದ್ರೆ ಎಂಜಿನ್ ಕಥೆ ಮುಗೀತು. ಕೆಲಸ ಬಿಟ್ಟು ಏಳೋ ಮುಂಚೆ ಮೂಗಿಗೆ ಬಟ್ಟೆ ಇಡು ಅಂತ ಅಪ್ಪ ದಿನಾ ಬೈತಿದ್ರು."

ಇನ್ಸ್‌ಪೆಕ್ಟರಮ್ಮ ಬಾನೆಟ್ಟಿನ ಕೆಳಗೆ ಬಗ್ಗಿದಳು. ಪೈಪಿನ ತುದಿಯಲ್ಲಿ ಹೊಸ ಕೆಂಪು ಫಿಲ್ಟರು ಕೂತಿತ್ತು.

"ಹಾಕಿದಾರಲ್ಲ?"

ಹುಡುಗಿ ಇಣುಕಿದಳು. ಹುಬ್ಬು ಗಂಟಾಯಿತು. "ಕ್ಲಿಪ್ಪು ಸೊಟ್ಟಗಿದೆ. ಅಪ್ಪ ಹೀಗೆ ಹಾಕಲ್ಲ."

ಪೇದೆ ಕೈಗವಸು ತೊಟ್ಟು ಕ್ಲಿಪ್ಪು ಸಡಿಲಿಸಿದ. ಫಿಲ್ಟರು ಕೈಗೆ ಬಂತು. ಅದರ ಹಿಂದೆ, ಪೈಪಿನ ಗಂಟಲಲ್ಲಿ, ನೀಲಿ ಗೀಟಿನ ಬಟ್ಟೆ ಬಿಗಿಯಾಗಿ ಕೂತಿತ್ತು. ಮೇಸ್ತ್ರಿಯ ಹಳೆಯ ಅಂಗಿಯ ತೋಳು.

"ಇದು ಒಳಗಿದ್ರೆ ಗಾಡಿ ಸ್ಟಾರ್ಟ್ ಆಗತ್ತಾ?"

"ಎಲ್ಲಿ ಆಗತ್ತೆ? ಉಸಿರೇ ಇಲ್ವಲ್ಲ..." ಹುಡುಗಿ ಥಟ್ಟನೆ ಮಾತು ನಿಲ್ಲಿಸಿದಳು. "ಆದ್ರೆ ಮಾವ ಎಂಜಿನ್ ಓಡ್ತಿತ್ತು ಅಂದ್ರಲ್ಲ?"

"ಅಂದ್ರು," ಎಂದಳು ಇನ್ಸ್‌ಪೆಕ್ಟರಮ್ಮ. ಅಷ್ಟರಲ್ಲಿ ಆಸ್ಪತ್ರೆಯಿಂದ ಫೋನ್ ಬಂತು. ಸತ್ತವನ ರಕ್ತದಲ್ಲಿ ಹೊಗೆಯ ಲವಲೇಶವೂ ಇರಲಿಲ್ಲ.

*

ಸ್ಪೇರ್ ಪಾರ್ಟ್ಸ್ ಅಂಗಡಿ ತೆರೆದಿತ್ತು. ಭಾವ ಸತ್ತ ದಿನವೇ ವ್ಯಾಪಾರ. ಯಜಮಾನ ಕಾಫಿ ತರಿಸಿ ಮುಂದಿಟ್ಟ. ಇನ್ಸ್‌ಪೆಕ್ಟರಮ್ಮ ಮುಟ್ಟಲಿಲ್ಲ. ಆಕೆಯ ಕಣ್ಣು ಹಿಂದಿನ ಕಪಾಟಿನ ಮೇಲಿತ್ತು. ತೆಂಗಿನಕಾಯಿ ಗಾತ್ರದ, ಬೆಳ್ಳಿ ಬಣ್ಣದ ಕಬ್ಬಿಣದ ಟರ್ಬೊಗಳು ಸಾಲಾಗಿ ಕೂತಿದ್ದವು. ಎಲ್ಲದಕ್ಕೂ 'ಹೊಚ್ಚ ಹೊಸದು' ಎಂಬ ಚೀಟಿ. ಕೊನೆಯದರ ಪ್ಲಾಸ್ಟಿಕ್ಕಿಗೆ ಮಾತ್ರ ಒಳಗಿನಿಂದ ಬಣ್ಣ ಮೆತ್ತಿಕೊಂಡಿತ್ತು.

"ಆ ಕೊನೇದು ಇಳಿಸಿ."

"ಅದು ಆರ್ಡರ್ ಮೇಡಂ, ಬೇರೆಯವರಿಗೆ..."

ಪೇದೆಯೇ ಇಳಿಸಿದ. ಪ್ಲಾಸ್ಟಿಕ್ ಬಿಚ್ಚಿದರೆ ಬಣ್ಣ ಕೈಗವಸಿಗೆ ಅಂಟಿತು. ಒಂದು ಕಡೆ ಉಗುರಷ್ಟು ಕೆರೆದಾಗ ಕೆಳಗೆ ತುಕ್ಕು, ತುಕ್ಕಿನ ನಡುವೆ ಪುಟ್ಟಿ ಮೆತ್ತಿದ ಸೀಳು. ಗುಜರಿಯಿಂದ ಎತ್ತಿ ತಂದು ಬಣ್ಣ ಬಳಿದ ಮಾಲು. ಇನ್ನೊಂದು ಮಗ್ಗುಲಲ್ಲಿ, ಸಂದಿಯ ಹಸಿ ಬಣ್ಣದೊಳಗೆ, ನರೆತ ಕೂದಲು ಸಿಕ್ಕಿಕೊಂಡಿತ್ತು.

ಇನ್ಸ್‌ಪೆಕ್ಟರಮ್ಮ ಯಜಮಾನನತ್ತ ತಿರುಗಿದಳು.

"ಇದರಲ್ಲೇ ಹೊಡೆದು, ಇದಕ್ಕೇ ಬಣ್ಣ ಬಳಿದು, ಮತ್ತೆ ಮಾರೋಕಿಟ್ಟಿದೀಯಾ?"

ಅವನ ಮೀಸೆಯ ಮೇಲೆ ಬೆವರು ನಿಂತಿತು.

"ನಿನ್ನೆ ರಾತ್ರಿ ಮೇಸ್ತ್ರಿ ನಿನ್ನನ್ನ ಕರೆದು ಈ ಸೀಳು ತೋರಿಸಿದ. ಗಿರಾಕಿಗೂ ತೋರಿಸ್ತೀನಿ ಅಂದ. ಅವನು ಆಕಡೆ ತಿರುಗಿದಾಗ ಹಿಂದಿನಿಂದ ಹೊಡೆದೆ. ಹೊಗೆ ಕುಡಿದು ಸತ್ತ ಅಂತ ತೋರಿಸ್ಬೇಕಲ್ಲ, ಗಾಡಿಯ ಕೆಲಸ ಮುಗಿದಿದೆ ಅಂತ ಕಾಣಲಿ ಅಂತ ಹೊಸ ಫಿಲ್ಟರ್ ಸಿಕ್ಕಿಸಿದೆ. ಪಾರ್ಟ್ಸ್ ಮಾರೋನು ನೀನು, ಗಾಡಿಗೆ ಕೈ ಹಚ್ಚಿದವನಲ್ಲ. ಪೈಪಿನೊಳಗೆ ಬಟ್ಟೆ ಇರತ್ತೆ ಅನ್ನೋದು ನಿನ್ನ ತಲೆಗೇ ಹೊಳೀಲಿಲ್ಲ. ಮೂಗು ಕಟ್ಟಿದ ಗಾಡಿ ರಾತ್ರಿಯೆಲ್ಲ ಓಡಿದೆ ಅಂತ ಬೆಳಿಗ್ಗೆ ನಮ್ಮೆದುರು ಕಥೆ ಕಟ್ಟಿದೆ."

"ಬೀದಿಗೆಲ್ಲ ಹೇಳ್ತೀನಿ ಅಂದ್ರು ಮೇಡಂ. ನನ್ನ ಅಂಗಡಿ ಏನಾಗಬೇಕು?"

"ಆ ಹುಡುಗಿ ಏನಾಗಬೇಕಿತ್ತು? ಅಪ್ಪನ್ನ ಕೊಂದೆ ಅಂತ ಜೀವನವಿಡೀ ಕೊರಗಬೇಕಿತ್ತಾ?"

"ನಾನು ಅವಳನ್ನ ಒಂದು ಮಾತೂ ಬೈದಿಲ್ಲ," ಎಂದ ಅವನು ಆಣೆ ಇಡುವವನಂತೆ. "ಸಮಾಧಾನಾನೇ ಹೇಳ್ದೆ."

ಇನ್ಸ್‌ಪೆಕ್ಟರಮ್ಮ ಕಾಫಿ ಲೋಟವನ್ನು ಬೆರಳ ತುದಿಯಿಂದ ಆಚೆ ತಳ್ಳಿದಳು. "ಕೊಲೆಗೆ ಕಾನೂನಲ್ಲಿ ಶಿಕ್ಷೆ ಇದೆ. ನಿನ್ನ ಈ ಸಮಾಧಾನಕ್ಕೆ ಇಲ್ವಲ್ಲ ಅಂತ ನನಗೆ ಹೇಸಿಗೆ. ಕರ್ಕೊಂಡ್ಹೋಗ್ರೀ ಇವನ್ನ."

*

ಅಂಗಡಿಯ ಹಿಂದಿನ ನಲ್ಲಿಯಲ್ಲಿ ಆಕೆ ಕೈ ತೊಳೆದಳು. ಸಾಲದೆನಿಸಿ ಮತ್ತೆ ತೊಳೆದಳು.

ಹುಡುಗಿ ಬೀದಿಯಲ್ಲೇ ನಿಂತಿದ್ದಳು. ಪೊಲೀಸರು ಗ್ಯಾರೇಜಿನ ಶಟರ್ ಎಳೆದಿದ್ದರು. ಅವಳು ದುಪಟ್ಟಾದ ತುದಿಯಿಂದ ತಲೆ ಒರೆಸಿಕೊಳ್ಳುತ್ತಿದ್ದಳು, ಮಾವ ಸವರಿದ್ದ ಜಾಗವನ್ನೇ ಮತ್ತೆ ಮತ್ತೆ.

"ಶಟರ್ ಎಳೆದಿದ್ದಕ್ಕೆ ನಿಮ್ಮಪ್ಪ ಸಾಯಲಿಲ್ಲ," ಎಂದಳು ಇನ್ಸ್‌ಪೆಕ್ಟರಮ್ಮ. "ನೀನು ಬಟ್ಟೆ ತುರುಕಿದ್ದಕ್ಕೆ ನಿನ್ನ ಮಾವ ಸಿಕ್ಕಿಬಿದ್ದ. ತಿಳೀತಾ?"

ಹುಡುಗಿ ತಲೆಯಾಡಿಸಿದಳು. "ಆ ಬಟ್ಟೆ ವಾಪಸ್ ಸಿಗತ್ತಾ?"

"ಕೇಸ್ ಮುಗಿದ ಮೇಲೆ."

ಹುಡುಗಿ ಶಟರಿನ ಹಿಡಿಕೆಯನ್ನು ನೋಡಿದಳು. ಆಮೇಲೆ ಬಗ್ಗಿ, ಎರಡೂ ಕೈಯಲ್ಲಿ ಹಿಡಿದು, ಶಟರನ್ನು ಮೇಲಕ್ಕೆತ್ತಿದಳು. ಒಳಗೆ ಪಿಕಪ್ಪಿನ ಬಾನೆಟ್ಟು ತೆರೆದೇ ಇತ್ತು. ಪೈಪಿನ ಬಾಯಿ ಬರಿದಾಗಿತ್ತು. ಅವಳು ಗೂಟದ ಮೇಲಿದ್ದ ಅಪ್ಪನ ಹಳೆಯ ಅಂಗಿಯಿಂದ ಇನ್ನೊಂದು ತೋಳು ಹರಿದು, ಸುರುಳಿ ಸುತ್ತಿ, ಗಾಡಿಯ ಮೂಗಿಗೆ ಬಿಗಿಯಾಗಿ ತುರುಕಿದಳು.