ಮೊಳೆ ಒಲ್ಲದ ಕುರ್ಚಿ

ಇದು ಚೀನಾದ ಸುಝೌನಲ್ಲಿರುವ ನಮ್ಮ ಕುರ್ಚಿ ಕಾರ್ಖಾನೆಯಲ್ಲಿ ನಡುಹಗಲಲ್ಲೇ ನಡೆದದ್ದು. ನಗಬೇಕೆನಿಸಿದರೆ ನಗಿ, ನಾವೂ ನಕ್ಕೆವು. ಗಟ್ಟಿಮರದ ಕುರ್ಚಿಗೆ ನಾವು ಮೊಳೆ ಹೊಡೆಯುವುದಿಲ್ಲ, ಮರಕ್ಕೆ ಮರವನ್ನೇ ಕಚ್ಚಿಸುತ್ತೇವೆ. ತೀರಿಹೋದ ಗು ಮೇಸ್ತ್ರಿ ಕೊರೆದಿಟ್ಟು, ಜೋಡಿಸದೆ ಬಿಟ್ಟ ಕುರ್ಚಿಗೆ ಮಾಲೀಕ ಫಾನ್ ಮೊಳೆ ತಂದ.

“ಸಂಜೆಗೆ ಇದು ಹೋಗ್ಬೇಕು. ಮೊಳೆ ಹೊಡೀರಿ, ಇಲ್ಲಾಂದ್ರೆ ಎಲ್ರೂ ಮನೆಗೆ ನಡೀರಿ!”

“ನೀವೇ ಹೊಡೀರಿ ಯಜಮಾನ್ರೇ, ಬೆರಳು ಜೋಪಾನ,” ಎಂದಳು ಹೊಳಪು ಹಾಕುವ ಮಿಯಾವೊ ಅಕ್ಕ.

ಅವನೇ ಹೊಡೆದ. ಕಾರ್ಖಾನೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಕೆಲಸ ಹೋಯಿತೆಂದುಕೊಂಡೇ ನಾವು ನೂಡಲ್ಸ್ ತಿಂದು ಬಂದೆವು.

ಫಾನ್ ಬಾಗಿಲು ತೆರೆದಾಗ ಮೊಳೆಗಳೆಲ್ಲ ನೆಲದ ಮೇಲೆ ಸಾಲಾಗಿದ್ದವು, ಒಂದೂ ಡೊಂಕಾಗಿರಲಿಲ್ಲ. ಕುರ್ಚಿ ಮಾತ್ರ ಬಿಗಿಯಾಗಿ ಕಚ್ಚಿಕೊಂಡು ನಿಂತಿತ್ತು. ಆಸನ ಮುಟ್ಟಿದೆ, ಬೆಚ್ಚಗಿತ್ತು. ಹೊಸ ಕುರ್ಚಿಯಲ್ಲಿ ಮಾಡಿದವನೇ ಮೊದಲು ಕೂರಬೇಕೆಂಬುದು ನಮ್ಮ ಪದ್ಧತಿ. ಆದರೆ ಮಾಲೀಕರಿಗೆ ಎಲ್ಲಿ ಕುರ್ಚಿ ಕಂಡರೂ ತಮ್ಮದೇ. ಫಾನ್ ದೊಪ್ಪನೆ ಕೂತ, ಕೂತಷ್ಟೇ ಬೇಗ ಎಗರಿದ.

“ಯಾರದೋ ತೊಡೆ!”

“ಕ್ಷಮೆ ಕೇಳಿ ಯಜಮಾನ್ರೇ, ಗು ಮೇಸ್ತ್ರಿ ಇನ್ನೂ ಎದ್ದಿಲ್ಲ,” ಎಂದಳು ಅಕ್ಕ.

ಅವನು ನಿಜವಾಗಿಯೂ ಕ್ಷಮೆ ಕೇಳಿದ. ಯಾರ ಕೆಲಸವೂ ಹೋಗಲಿಲ್ಲ. ಆಮೇಲೆ ಕುರ್ಚಿಯನ್ನು ಬೆಳಕಿಗೆ ಹಿಡಿದು ಮಗುಚಿ ನೋಡಿದೆವು. ಮರದಲ್ಲಿ ಮೊಳೆಯ ಒಂದು ತೂತೂ ಇರಲಿಲ್ಲ.