ಇಲ್ಲದ ಗಂಡನಿಗೊಂದು ಬೆಟ್ಟದ ಕೋಣೆ

"ಎಷ್ಟು ಜನ ಬರ್ತೀರಿ, ಮೇಡಂ?"

ಫೋನಿನ ಆ ಕಡೆ, ಬೆಟ್ಟದೂರಿನ ಲಾಡ್ಜಿನ ಮ್ಯಾನೇಜರನ ದನಿ ತುಂಬಾ ಮೆತ್ತಗಿತ್ತು.

ಒಬ್ಬಳೇ... ಅಂತ ಹೇಳಬೇಕಿತ್ತು. ನಾಲಿಗೆ ಹೊರಳಲೇ ಇಲ್ಲ.

"ಇಬ್ಬರು! ನಾನು... ಮತ್ತೆ ನಮ್ಮ ಯಜಮಾನ್ರು."

ಯಜಮಾನ್ರು! ಅವರನ್ನ ಎಲ್ಲಿಂದ ತರೋದು?

ಅದಕ್ಕೆಲ್ಲ ಕಾರಣ ಹಿಂದಿನ ದಿನದ ಊಟದ ಹೊತ್ತಿನ ಮಾತು. "ಈ ಸಲ ನಾನೂ ಎಲ್ಲಾದ್ರೂ ಬೆಟ್ಟದ ಊರಿಗೆ ಹೋಗಿ ಬರ್ತೀನಿ" ಎಂದಿದ್ದಳು ಅವಳು. "ಒಬ್ಬಳೇನಾ? ಏನು, ಸನ್ಯಾಸ ತಗೊಳ್ಳೋಕಾ?" ಎಂದು ಭಾವ ನಕ್ಕರು. ಅಕ್ಕ ನಕ್ಕಳು, ಮಕ್ಕಳೂ ನಕ್ಕರು. ಅವಳೂ ನಕ್ಕಳು... ನಗದೆ ಇನ್ನೇನು ಮಾಡೋದು?

ಅಮ್ಮ ಹೋದ ಮೇಲೆ ಅಕ್ಕನ ಮನೆಯ ಹಿಂದಿನ ಕೋಣೆಯೇ ಅವಳ ಲೋಕ. ಪ್ರತಿ ರಜೆಯಲ್ಲೂ ಅಕ್ಕನ ಸಂಸಾರ ಪ್ರವಾಸ ಹೊರಡುತ್ತಿತ್ತು. ಗಿಡಗಳಿಗೆ ನೀರು ಹಾಕಲು ಇವಳು ಉಳಿಯುತ್ತಿದ್ದಳು. ಯಾರೂ ಬೇಕೆಂದೇ ಬಿಟ್ಟುಹೋಗುತ್ತಿರಲಿಲ್ಲ. ಕರೆಯಬೇಕು ಅಂತ ಯಾರಿಗೂ ಹೊಳೆಯುತ್ತಿರಲಿಲ್ಲ, ಅಷ್ಟೇ.

ಕೆಲಸ, ಹಲ್ಲಿನ ಸೆಟ್ ತಯಾರಿಸುವ ಲ್ಯಾಬಿನಲ್ಲಿ. ಮೇಣದಲ್ಲಿ ಒಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಬೇಕು. ದಿನವಿಡೀ ಯಾರದೋ ಬಾಯಿಗೆ ಹಲ್ಲು ಕಟ್ಟುವವಳಿಗೆ ತನ್ನ ಬಾಯಿ ತೆರೆಯಲು ಮಾತ್ರ ಯಾರೂ ಸಿಗುತ್ತಿರಲಿಲ್ಲ.

ಹಾಗಾಗಿಯೇ ಏನೋ, ಆ ಲಾಡ್ಜಿನ ಮ್ಯಾನೇಜರನಿಗೆ ಮತ್ತೆ ಫೋನ್ ಮಾಡಿದಳು. ಬಸ್ಸು ಯಾವುದು ಅಂತ ಕೇಳೋಕೆ. ಆಮೇಲೆ ಚಳಿ ಹೇಗಿದೆ ಅಂತ ಕೇಳೋಕೆ. ಆಮೇಲೆ... ನೆಪಗಳಿಗೇನು ಬರವೇ?

"ನಿಮ್ಮ ಯಜಮಾನ್ರಿಗೆ ಮಂಡಿ ನೋವು ಗಿಂಡಿ ನೋವು ಇಲ್ಲ ತಾನೆ? ಕೆರೆ ಸುತ್ತೋ ದಾರಿ ಸ್ವಲ್ಪ ಏರು."

"ಇಲ್ಲ ಇಲ್ಲ. ಅವರಿಗೆ ನಿಧಾನಕ್ಕೆ ನಡೆಯೋದಂದ್ರೆ ಇಷ್ಟ."

"ನನ್ನ ಥರಾನೇ!" ಅವನು ನಕ್ಕ. "ಸೀಸನ್ ಮುಗಿದ ಮೇಲೆ ಇಲ್ಲಿ ನಾನು, ಈ ಖಾಲಿ ಕುರ್ಚಿಗಳು, ಅಷ್ಟೇ. ಸಂಜೆ ಒಬ್ಬನೇ ಒಂದು ಸುತ್ತು ಹಾಕಿ ಬರ್ತೀನಿ. ಮಾತಾಡೋಕೆ ಕುರ್ಚಿಗಳೂ ಜೊತೆಗೆ ಬರಲ್ಲ ನೋಡಿ."

ಒಂದು ಸುಳ್ಳಿಗೆ ನೂರು ಸುಳ್ಳು. ಅವಳ ಬಾಯಲ್ಲಿ ಹುಟ್ಟಿದ ಗಂಡನಿಗೆ ದಿನೇ ದಿನೇ ಮ್ಯಾನೇಜರನ ಗುಣಗಳೇ ಅಂಟಿಕೊಳ್ಳತೊಡಗಿದವು. ಸಕ್ಕರೆ ಕಮ್ಮಿ. ಮಾತು ಮೆತ್ತಗೆ. ಯಾರ ಮಾತನ್ನೂ ನಡುವೆ ತುಂಡು ಮಾಡುವವರಲ್ಲ.

"ಅದೃಷ್ಟವಂತರು ಅವರು" ಎಂದ ಅವನು ಒಮ್ಮೆ. ಆಮೇಲೆ ಅವಸರದಲ್ಲಿ ಫೋನ್ ಇಟ್ಟುಬಿಟ್ಟ.

ಮುಂದಿನ ಸಲ ಫೋನ್ ಎತ್ತಿದ್ದು ಒಬ್ಬ ಹೆಂಗಸು.

"ಅವರು ಮಾತಾಡಲ್ಲಮ್ಮ. ಇನ್ಮೇಲೆ ಏನಿದ್ರೂ ನನ್ನನ್ನೇ ಕೇಳಿ."

ಹೆಂಡತಿ... ಇನ್ಯಾರು? ಅವಳಿಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಹೋಗೋದೇ ಬೇಡ ಅಂದುಕೊಂಡಳು. ಆದರೆ ರಜೆ ಮಂಜೂರಾಗಿತ್ತು, ಹಿಂದಿನ ಕೋಣೆಯ ಗೋಡೆಗಳು ಕಣ್ಣೆದುರಿಗಿದ್ದವು. 'ಬೆಟ್ಟ ನೋಡೋಕೆ ಹೊರಟವಳು ನಾನು... ದನಿ ಕೇಳೋಕಲ್ಲ!'

ಬಸ್ಸಿಳಿದಾಗ ಮಧ್ಯಾಹ್ನ. ಲಾಡ್ಜಿನ ಮೇಜಿನ ಹಿಂದೆ, ಮೊಣಕೈ ಬಳಿ ಹೊಲಿಗೆ ಹಾಕಿದ ಸ್ವೆಟರು ತೊಟ್ಟವನೊಬ್ಬ ಎದ್ದು ನಿಂತ. ಅವನ ಕಣ್ಣು ಅವಳನ್ನು ದಾಟಿ ಬಾಗಿಲ ಕಡೆ ಹೋಯಿತು.

"ನಿಮ್ಮ ಯಜಮಾನ್ರು...?"

ಅದೇ ದನಿ! ಕಟ್ಟಿಟ್ಟುಕೊಂಡಿದ್ದ ಸಬೂಬೆಲ್ಲ ಉದುರಿಹೋಯಿತು.

"ಇಲ್ಲ. ಅಂಥವರು ಯಾರೂ ಇಲ್ಲ. ನನಗೆ ಮದುವೇನೇ ಆಗಿಲ್ಲ."

ಅವನ ಮುಖ ಕಪ್ಪಿಟ್ಟಿತು. ಕೀಲಿಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದುಬಿಟ್ಟ.

ಕೋಣೆಯಲ್ಲಿ ಎರಡು ದಿಂಬು. ಎರಡು ಟವೆಲು. ಕಿಟಕಿಯ ಬಳಿ ಎದುರುಬದುರು ಎರಡು ಕುರ್ಚಿ. ಎಷ್ಟು ಮುತುವರ್ಜಿಯಿಂದ ಜೋಡಿಸಿದ್ದಾನೆ! ಅವಳು ಹಾಸಿಗೆಯ ತುದಿಯಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಕ್ಕನ ಮನೆಯಲ್ಲೂ ಇಷ್ಟು ಒಂಟಿ ಅನ್ನಿಸಿರಲಿಲ್ಲ.

ಬೆಳಿಗ್ಗೆ ಬ್ಯಾಗು ಹಿಡಿದು ಕೆಳಗಿಳಿದಾಗ ಅಡುಗೆಮನೆಯಿಂದ ಒಬ್ಬ ವಯಸ್ಸಾದ ಹೆಂಗಸು ಇಣುಕಿದರು. "ತಿಂಡಿನೂ ತಿನ್ನದೆ ಹೊರಟ್ಯಾ ತಾಯಿ?"

ಫೋನಿನ ಹೆಂಗಸು! ಇವರು... ಅಡುಗೆಯವರಾ?

ಬಾಗಿಲಲ್ಲಿ ಅವನು ನಿಂತಿದ್ದ. ನಿದ್ದೆಯಿಲ್ಲದ ಕಣ್ಣು.

"ಮದುವೆಯಾದ ಹೆಣ್ಣಿನ ಫೋನಿಗೆ ಕಾಯ್ತಾ ಕೂತಿದೀನಲ್ಲ ಅಂತ ನನ್ನ ಮೇಲೆ ನನಗೇ ಹೇಸಿಗೆ ಆಗಿತ್ತು" ಎಂದ. "ಅದಕ್ಕೇ ಫೋನು ಈ ಅಡುಗೆ ದೊಡ್ಡಮ್ಮನ ಕೈಗೆ ಕೊಟ್ಟುಬಿಟ್ಟೆ. ನಿನ್ನೆ ಗೊತ್ತಾದಾಗ... ಆ ನರಳಾಟ ಎಲ್ಲಾ ಸುಮ್ಮಸುಮ್ಮನೆ ಅಂತ ಕೋಪ ಬಂತು. ಯಾಕೆ ಹಾಗೆ ಹೇಳಿದ್ರಿ?"

"ಒಬ್ಬಳೇ ಅಂದ್ರೆ ನೀವೂ ನಗ್ತೀರಿ ಅಂತ."

ಅವನು ನಗಲಿಲ್ಲ. ಕೈ ಚಾಚಿ ಅವಳ ಬ್ಯಾಗು ಇಸಿದುಕೊಂಡ. ಅವಳು ಬಿಟ್ಟುಕೊಟ್ಟಳು.

"ಬಸ್ಸಿಗೆ ಹೊತ್ತಾಗುತ್ತೆ..." ಎಂದಳು, ಸುಮ್ಮನೆ ಹೇಳಬೇಕಲ್ಲ ಅಂತ.

"ಹೋಗ್ಲಿ ಬಿಡಿ ಅದು."

ಇಬ್ಬರೂ ಬೆಟ್ಟದ ಅಂಚಿನ ಕಟ್ಟೆಯವರೆಗೆ ನಡೆದರು. ಎದುರಿಗೆ ಬರೀ ಮಂಜು. ಬೆಟ್ಟವಿಲ್ಲ, ಕಣಿವೆಯಿಲ್ಲ, ಬಿಸಿಲೂ ಇಲ್ಲ.

"ಏನೂ ಕಾಣಿಸ್ತಿಲ್ಲ..."

"ಸರಿಯುತ್ತೆ. ಸ್ವಲ್ಪ ಕೂರೋಣ."

"ಮಧ್ಯಾಹ್ನದವರೆಗೂ ಸರೀಲಿಲ್ಲ ಅಂದ್ರೆ?"

ಅವನು ಕಟ್ಟೆಯ ಮೇಲಿನ ಇಬ್ಬನಿಯನ್ನು ಸ್ವೆಟರಿನ ತೋಳಿನಿಂದ ಒರೆಸಿ, ಅವಳಿಗೆ ಜಾಗ ಮಾಡಿಕೊಟ್ಟ.

"ಊಟ ಇಲ್ಲಿಗೇ ತರಿಸ್ತೀನಿ."